ಮೊದಲ ಸಲ ಅಂಡಮಾನ್‌ಗೆ ಹೊರಟಿದ್ದೀರಾ? ನೋಡಬೇಕಾದ್ದು ಯಾವುದು, ನಂಬಬಾರದ್ದು ಯಾವುದು

ರಜೆ ಹತ್ತಿರ ಬಂದಂತೆ ಫ್ಯಾಮಿಲಿ ಗ್ರೂಪುಗಳಲ್ಲಿ ಅಂಡಮಾನ್ ಬಗ್ಗೆ ಫಾರ್ವರ್ಡುಗಳು ಹರಿದಾಡಲು ಶುರುವಾಗುತ್ತವೆ. ‘ಸಾಯುವ ಮುನ್ನ ನೋಡಲೇಬೇಕಾದ 10 ಜಾಗಗಳು’ ಎಂಬ ಪಟ್ಟಿ ಒಂದು ಕಡೆಯಾದರೆ, ‘ಅಲ್ಲಿ ನರಭಕ್ಷಕರಿದ್ದಾರೆ’, ‘ಈಜು ಬಾರದವರು ಹೋಗುವುದೇ ದಂಡ’, ‘ರಾತ್ರಿ ಸಮುದ್ರ ಹೊಳೆಯುವುದು ಕೆಮಿಕಲ್‌ನಿಂದ’, ‘ಜ್ವಾಲಾಮುಖಿ ಸಿಡಿದಿದೆ, ಟಿಕೆಟ್ ಕ್ಯಾನ್ಸಲ್ ಮಾಡಿ’ ಎಂಬ ಸಂದೇಶಗಳು ಇನ್ನೊಂದು ಕಡೆ. ಇವುಗಳಲ್ಲಿ ಕೆಲವು ಅರ್ಧ ನಿಜ, ಕೆಲವು ಪೂರ್ತಿ ಸುಳ್ಳು. ಆದರೆ ನಿಜಕ್ಕೂ ಜೀವ ಉಳಿಸುವ ಮಾಹಿತಿ ಇಂಥ ಪಟ್ಟಿಗಳಲ್ಲಿ ಇರುವುದೇ ಇಲ್ಲ. ಉದಾಹರಣೆಗೆ, ಸ್ಕೂಬಾ ಡೈವಿಂಗ್ ಮಾಡಿದ ದಿನವೇ ವಿಮಾನ ಹತ್ತಬಾರದು ಎಂಬ ಮಾತು.

ಹಾಗಾಗಿ ಈ ಲೇಖನದಲ್ಲಿ ಎರಡು ಕೆಲಸ ಮಾಡುತ್ತೇವೆ. ಮೊದಲ ಸಲ ಹೋಗುವವರು ನೋಡಬೇಕಾದ ಜಾಗಗಳನ್ನು ಹೇಳುತ್ತೇವೆ. ಜೊತೆಗೆ ಆಯಾ ಜಾಗಕ್ಕೆ ಅಂಟಿಕೊಂಡಿರುವ ನಂಬಿಕೆಗಳಲ್ಲಿ ಯಾವುದು ಸರಿ, ಯಾವುದು ತಪ್ಪು ಎಂದು ನೋಡುತ್ತೇವೆ.

ಮೊದಲು ಹೆಸರುಗಳ ಗೊಂದಲ

ಗೂಗಲ್‌ನಲ್ಲಿ ಒಂದು ಹೆಸರು, ಟಿಕೆಟ್‌ನಲ್ಲಿ ಇನ್ನೊಂದು ಹೆಸರು ನೋಡಿ ಹಲವರು ಗಾಬರಿಯಾಗುತ್ತಾರೆ. ವಿಷಯ ಇಷ್ಟೇ. 2018ರ ಡಿಸೆಂಬರ್‌ನಲ್ಲಿ ಹ್ಯಾವ್‌ಲಾಕ್ ದ್ವೀಪಕ್ಕೆ ಸ್ವರಾಜ್ ದ್ವೀಪ, ನೀಲ್ ದ್ವೀಪಕ್ಕೆ ಶಹೀದ್ ದ್ವೀಪ, ರಾಸ್ ದ್ವೀಪಕ್ಕೆ ನೇತಾಜಿ ಸುಭಾಷ್ ಚಂದ್ರ ಬೋಸ್ ದ್ವೀಪ ಎಂದು ಹೆಸರಿಡಲಾಯಿತು. 2024ರ ಸೆಪ್ಟೆಂಬರ್‌ನಲ್ಲಿ ರಾಜಧಾನಿ ಪೋರ್ಟ್ ಬ್ಲೇರ್‌ನ ಹೆಸರು ಶ್ರೀ ವಿಜಯಪುರಂ ಎಂದಾಯಿತು. ಜನರ ಬಾಯಲ್ಲಿ ಇನ್ನೂ ಎರಡೂ ಹೆಸರುಗಳಿವೆ.

‘ಅಂಡಮಾನ್‌ಗೆ ಹೋಗಲು ಭಾರತೀಯರಿಗೂ ವೀಸಾ ಬೇಕು’ ಎಂಬುದು ಶುದ್ಧ ಸುಳ್ಳು. ಅದು ನಮ್ಮದೇ ದೇಶದ ಕೇಂದ್ರಾಡಳಿತ ಪ್ರದೇಶ. ಪ್ರವಾಸಿಗರು ಹೋಗುವ ದ್ವೀಪಗಳಿಗೆ ಭಾರತೀಯರಿಗೆ ಗುರುತಿನ ಚೀಟಿ ಇದ್ದರೆ ಸಾಕು. ಆದರೆ ಆದಿವಾಸಿಗಳ ಮೀಸಲು ಪ್ರದೇಶಗಳಿಗೆ ಮತ್ತು ದಕ್ಷಿಣದ ನಿಕೋಬಾರ್ ದ್ವೀಪಗಳಿಗೆ ಸುಮ್ಮನೆ ಹೋಗಲು ಬಿಡುವುದಿಲ್ಲ. ಅದಕ್ಕೆ ಬೇರೆ ಪರವಾನಗಿ ಬೇಕು. ಸಾಮಾನ್ಯ ಪ್ರವಾಸಿಗರು ಅದರ ಗೋಜಿಗೆ ಹೋಗಬೇಕಾಗಿಲ್ಲ.

ಸೂರ್ಯ ಅಲ್ಲಿ ಬೇಗ ಮುಳುಗುವುದು ಯಾಕೆ?

ಇದು ಸುಳ್ಳಲ್ಲ, ನಿಜವೇ. ಡಿಸೆಂಬರ್‌ನಲ್ಲಿ ಅಲ್ಲಿ ಸಂಜೆ ಸುಮಾರು 5 ಗಂಟೆಗೆಲ್ಲ ಸೂರ್ಯಾಸ್ತ. ಕಾರಣ ಸರಳ. ಇಡೀ ಭಾರತಕ್ಕೆ ಒಂದೇ ಗಡಿಯಾರ. ಅದನ್ನು 82.5 ಡಿಗ್ರಿ ಪೂರ್ವ ರೇಖಾಂಶಕ್ಕೆ ಹೊಂದಿಸಲಾಗಿದೆ. ಪೋರ್ಟ್ ಬ್ಲೇರ್ ಇರುವುದು ಸುಮಾರು 92.7 ಡಿಗ್ರಿಯಲ್ಲಿ, ಬೆಂಗಳೂರು ಇರುವುದು ಸುಮಾರು 77.6 ಡಿಗ್ರಿಯಲ್ಲಿ. ಎರಡರ ನಡುವೆ 15 ಡಿಗ್ರಿ ಅಂತರ. ಭೂಮಿ ಒಂದು ಡಿಗ್ರಿ ತಿರುಗಲು 4 ನಿಮಿಷ ಬೇಕು. 15ನ್ನು 4ರಿಂದ ಗುಣಿಸಿದರೆ 60 ನಿಮಿಷ. ಅಂದರೆ ಬೆಂಗಳೂರಿಗಿಂತ ಅಲ್ಲಿ ಹೆಚ್ಚುಕಡಿಮೆ ಒಂದು ಗಂಟೆ ಮೊದಲೇ ಸೂರ್ಯ ಹುಟ್ಟಿ, ಒಂದು ಗಂಟೆ ಮೊದಲೇ ಮುಳುಗುತ್ತಾನೆ.

ಇದರಿಂದ ನಿಮ್ಮ ಪ್ರವಾಸಕ್ಕೆ ಏನು ಪಾಠ? ಬೆಳಿಗ್ಗೆ 9ಕ್ಕೆ ಎದ್ದು, ಸಂಜೆ 6ಕ್ಕೆ ಬೀಚ್‌ಗೆ ಹೋಗುವ ಲೆಕ್ಕ ಅಲ್ಲಿ ನಡೆಯುವುದಿಲ್ಲ. 5 ಗಂಟೆಗೆ ಎದ್ದರೆ ಒಂದು ದಿನ ಎರಡು ದಿನದಷ್ಟು ಕೆಲಸಕ್ಕೆ ಬರುತ್ತದೆ.

ಶ್ರೀ ವಿಜಯಪುರಂ: ಸೆಲ್ಯುಲರ್ ಜೈಲು ಬಿಡಬೇಡಿ

‘ಬೀಚ್ ನೋಡಲು ಹೋಗುವವರಿಗೆ ಜೈಲು ಯಾಕೆ’ ಎಂದು ಕೇಳುವವರಿದ್ದಾರೆ. ನಮ್ಮ ಅಭಿಪ್ರಾಯದಲ್ಲಿ ಮೊದಲ ದಿನವೇ ನೋಡಬೇಕಾದ ಜಾಗ ಇದು. ‘ಕಾಲಾಪಾನಿ ಶಿಕ್ಷೆ’ ಎಂದು ನಮ್ಮ ಹಿರಿಯರು ಹೇಳುತ್ತಿದ್ದದ್ದು ಇಲ್ಲಿಗೆ ಕಳಿಸುವುದನ್ನೇ. 1857ರ ದಂಗೆಯ ನಂತರ, 1858ರಿಂದಲೇ ಬ್ರಿಟಿಷರು ಕೈದಿಗಳನ್ನು ಈ ದ್ವೀಪಗಳಿಗೆ ಸಾಗಿಸತೊಡಗಿದ್ದರು. ಜೈಲಿನ ಕಟ್ಟಡ ಶುರುವಾದದ್ದು 1896ರಲ್ಲಿ, ಮುಗಿದದ್ದು 1906ರಲ್ಲಿ.

ಸೈಕಲ್ ಚಕ್ರದ ಕಡ್ಡಿಗಳಂತೆ ನಡುವಿನ ಗೋಪುರದಿಂದ ಏಳು ಸಾಲು ಕಟ್ಟಡಗಳು ಹೊರಟಿದ್ದವು. ಒಂದು ಸಾಲಿನ ಕೋಣೆಗಳ ಬಾಗಿಲು ಮುಂದಿನ ಸಾಲಿನ ಬೆನ್ನಿಗೆ ಮುಖ ಮಾಡಿತ್ತು. ಹಾಗಾಗಿ ಒಬ್ಬ ಕೈದಿಗೆ ಇನ್ನೊಬ್ಬನ ಮುಖ ಕಾಣುತ್ತಿರಲಿಲ್ಲ. ಪ್ರತಿಯೊಬ್ಬನಿಗೂ ಒಂಟಿ ಕೋಣೆ, ಅಂದರೆ ‘ಸೆಲ್’. ಅದರಿಂದಲೇ ಸೆಲ್ಯುಲರ್ ಜೈಲು ಎಂಬ ಹೆಸರು. ಈಗ ಉಳಿದಿರುವುದು ಏಳರಲ್ಲಿ ಮೂರು ಸಾಲು ಮಾತ್ರ. 1979ರಲ್ಲಿ ಇದು ರಾಷ್ಟ್ರೀಯ ಸ್ಮಾರಕವಾಯಿತು. ಸಂಜೆ ಧ್ವನಿ-ಬೆಳಕಿನ ಪ್ರದರ್ಶನ ಇರುತ್ತದೆ. ಹಗಲು ಜೈಲು ಸುತ್ತಿ, ಸಂಜೆ ಪ್ರದರ್ಶನ ನೋಡಿದರೆ ಕಥೆ ಪೂರ್ತಿಯಾಗುತ್ತದೆ.

ಎದುರಿಗೇ ಇರುವ ರಾಸ್ ದ್ವೀಪ ಬ್ರಿಟಿಷರ ಆಡಳಿತ ಕೇಂದ್ರವಾಗಿತ್ತು. ಈಗ ಆ ಚರ್ಚು, ಬಂಗಲೆಗಳ ಗೋಡೆಗಳನ್ನು ಆಲದ ಜಾತಿಯ ಮರಗಳ ಬೇರುಗಳು ನುಂಗಿ ನಿಂತಿವೆ. ಜಿಂಕೆ, ನವಿಲುಗಳು ನಿಮ್ಮ ಪಕ್ಕದಲ್ಲೇ ಓಡಾಡುತ್ತವೆ. ಅರ್ಧ ದಿನ ಸಾಕು.

ಹಳೆಯ ಕೆಂಪು 20 ರೂಪಾಯಿ ನೋಟು ಮನೆಯಲ್ಲಿದ್ದರೆ ಹಿಂಬದಿ ನೋಡಿ. ತೆಂಗಿನ ಮರ, ಸಮುದ್ರ, ಲೈಟ್‌ಹೌಸ್ ಇರುವ ಆ ಚಿತ್ರ ಇಲ್ಲಿನ ನಾರ್ತ್ ಬೇ ದ್ವೀಪದ್ದು. ಈ ಫಾರ್ವರ್ಡ್ ಮಾತ್ರ ನಿಜ! ಆ ನೋಟ ಕಾಣುವುದು ಮೌಂಟ್ ಹ್ಯಾರಿಯಟ್ ಬೆಟ್ಟದಿಂದ. 1891ರ ಯುದ್ಧದ ನಂತರ ಇಲ್ಲಿಗೆ ಗಡೀಪಾರಾದ ಮಣಿಪುರದವರ ನೆನಪಿಗೆ 2021ರಲ್ಲಿ ಅದಕ್ಕೆ ಮೌಂಟ್ ಮಣಿಪುರ ಎಂದು ಹೆಸರಿಡಲಾಗಿದೆ.

ಸ್ವರಾಜ್ ದ್ವೀಪ: ಮರಳು ಅಷ್ಟು ಬಿಳುಪು ಯಾಕೆ?

ಬಹುಪಾಲು ಜನ ಅಂಡಮಾನ್‌ಗೆ ಹೋಗುವುದೇ ಈ ದ್ವೀಪಕ್ಕಾಗಿ. ಶ್ರೀ ವಿಜಯಪುರಂನಿಂದ ಹಡಗಿನಲ್ಲಿ ಸುಮಾರು ಎರಡು ಗಂಟೆಯ ದಾರಿ. ಇಲ್ಲಿನ ರಾಧಾನಗರ ಬೀಚ್ ಅನ್ನು 2004ರಲ್ಲಿ ‘ಟೈಮ್’ ಪತ್ರಿಕೆ ಏಷ್ಯಾದ ಅತ್ಯುತ್ತಮ ಬೀಚ್ ಎಂದು ಕರೆದಿತ್ತು. 2020ರಲ್ಲಿ ಇದಕ್ಕೆ ‘ಬ್ಲೂ ಫ್ಲ್ಯಾಗ್’ ಮಾನ್ಯತೆ ಸಿಕ್ಕಿತು. ನಮ್ಮ ಕಾಸರಕೋಡು ಮತ್ತು ಪಡುಬಿದ್ರಿ ಬೀಚ್‌ಗಳಿಗೂ ಅದೇ ವರ್ಷ ಈ ಮಾನ್ಯತೆ ಬಂದಿತ್ತು. ರಾಧಾನಗರ ಪಶ್ಚಿಮಕ್ಕೆ ಮುಖ ಮಾಡಿರುವುದರಿಂದ ಸೂರ್ಯಾಸ್ತಕ್ಕೆ ಅಲ್ಲಿರಿ. ಸೂರ್ಯೋದಯಕ್ಕೆ ಪೂರ್ವ ದಡದ ಕಾಲಾಪತ್ಥರ್ ಬೀಚ್‌ಗೆ ಹೋಗಿ.

ಈ ಬಗೆಯ ದ್ವೀಪಗಳ ಬಿಳಿ ಮರಳಿನ ಬಗ್ಗೆ ‘ಇದು ಮೀನಿನ ಹಿಕ್ಕೆ’ ಎಂಬ ಫಾರ್ವರ್ಡ್ ನೋಡಿರಬಹುದು. ನಗು ಬಂದರೂ ಅದರಲ್ಲಿ ನಿಜಾಂಶವಿದೆ. ಹವಳದ ದಿಬ್ಬಗಳಲ್ಲಿ ಗಿಳಿಯ ಕೊಕ್ಕಿನಂಥ ಬಾಯಿಯ ‘ಪ್ಯಾರಟ್ ಫಿಶ್’ ಎಂಬ ಮೀನುಗಳಿವೆ. ಅವು ಹವಳದ ಮೇಲಿನ ಪಾಚಿಯನ್ನು ಕೆರೆದು ತಿನ್ನುವಾಗ ಸುಣ್ಣದ ಪುಡಿಯೂ ಹೊಟ್ಟೆ ಸೇರುತ್ತದೆ. ಜೀರ್ಣವಾಗದ ಆ ಪುಡಿ ಮರಳಾಗಿ ಹೊರಬರುತ್ತದೆ. ಅಲೆಗೆ ಒಡೆದ ಹವಳ, ಚಿಪ್ಪುಗಳ ಪುಡಿಯೂ ಅದರ ಜೊತೆ ಸೇರುತ್ತದೆ. ನಮ್ಮ ಹೊಳೆಗಳು ತರುವ ಮರಳು ಕಲ್ಲಿನ ಪುಡಿ. ಹವಳ ದ್ವೀಪದ ಬಿಳಿ ಮರಳಿನ ಬಹುಪಾಲು ಜೀವಿಗಳು ಕಟ್ಟಿದ ಸುಣ್ಣ.

ಸಮಯ ಕಡಿಮೆ ಇರುವವರು ಶಹೀದ್ ದ್ವೀಪವನ್ನು ಬಿಡುತ್ತಾರೆ. ಸಾಧ್ಯವಾದರೆ ಒಂದು ರಾತ್ರಿ ಅಲ್ಲಿ ಉಳಿಯಿರಿ. ಚಿಕ್ಕ, ಶಾಂತ ದ್ವೀಪ, ಸೈಕಲ್‌ನಲ್ಲೇ ಸುತ್ತಬಹುದು. ಭರತ್‌ಪುರ, ಲಕ್ಷ್ಮಣ್‌ಪುರ, ಸೀತಾಪುರ ಎಂಬ ಬೀಚ್‌ಗಳಿವೆ. ಅಲೆ ಕೊರೆದ ಕಲ್ಲಿನ ಸೇತುವೆ ನೋಡಬೇಕಾದರೆ ಸಮುದ್ರದ ಇಳಿತದ ಸಮಯ ಕೇಳಿಕೊಂಡು ಹೋಗಿ. ಉಬ್ಬರದ ಹೊತ್ತಿನಲ್ಲಿ ಅಲ್ಲಿಗೆ ದಾರಿಯೇ ಇರುವುದಿಲ್ಲ.

ಹವಳ ಕಲ್ಲೋ, ಗಿಡವೋ, ಪ್ರಾಣಿಯೋ?

ಎಲಿಫೆಂಟ್ ಬೀಚ್, ನಾರ್ತ್ ಬೇ, ಜಾಲಿ ಬಾಯ್ – ಇವು ಸ್ನಾರ್ಕೆಲಿಂಗ್‌ಗೆ ಹೆಸರಾದ ಜಾಗಗಳು. ಕನ್ನಡಕ ಹಾಕಿ, ಉಸಿರಾಟದ ಕೊಳವೆ ಕಚ್ಚಿ, ನೀರಿನ ಮೇಲೆ ಮುಖ ಕೆಳಗೆ ಮಾಡಿ ತೇಲುವುದೇ ಸ್ನಾರ್ಕೆಲಿಂಗ್. ನೀರಿಗೆ ಇಳಿಯಲು ಮನಸ್ಸಿಲ್ಲದ ಹಿರಿಯರಿಗೆ ಗಾಜಿನ ತಳದ ದೋಣಿಗಳಿವೆ. ಜಾಲಿ ಬಾಯ್ ಇರುವುದು 1983ರಲ್ಲಿ ಸ್ಥಾಪನೆಯಾದ ಮಹಾತ್ಮ ಗಾಂಧಿ ಸಾಗರ ರಾಷ್ಟ್ರೀಯ ಉದ್ಯಾನದಲ್ಲಿ. ಅಲ್ಲಿಗೆ ಪ್ಲಾಸ್ಟಿಕ್ ಒಯ್ಯುವಂತಿಲ್ಲ.

ಹವಳ ಕಲ್ಲಿನಂತೆ ಕಂಡರೂ ಅದು ಪ್ರಾಣಿ. ‘ಪಾಲಿಪ್’ ಎಂಬ ಸಾವಿರಾರು ಪುಟ್ಟ ಜೀವಿಗಳು ಒಟ್ಟಾಗಿ ಸುಣ್ಣದ ಮನೆ ಕಟ್ಟಿಕೊಂಡಿರುತ್ತವೆ. ಅವುಗಳ ಮೈಯೊಳಗೆ ಕಣ್ಣಿಗೆ ಕಾಣದ ಪಾಚಿ ವಾಸವಾಗಿದೆ. ಪಾಚಿ ಬಿಸಿಲಿನಿಂದ ಆಹಾರ ತಯಾರಿಸಿ ಹವಳಕ್ಕೂ ಕೊಡುತ್ತದೆ. ಹವಳದ ಬಣ್ಣಕ್ಕೂ ಮುಖ್ಯ ಕಾರಣ ಆ ಪಾಚಿಯೇ. ಸಮುದ್ರದ ನೀರು ವಾಡಿಕೆಗಿಂತ ಒಂದೆರಡು ಡಿಗ್ರಿ ಹೆಚ್ಚು ಬಿಸಿಯಾಗಿ ಕೆಲವು ವಾರ ಹಾಗೇ ಉಳಿದರೆ ಹವಳ ಆ ಪಾಚಿಯನ್ನು ಹೊರಹಾಕುತ್ತದೆ. ಆಗ ಅದು ಬೆಳ್ಳಗಾಗುತ್ತದೆ, ಬಿಸಿ ಇಳಿಯದಿದ್ದರೆ ಸಾಯುತ್ತದೆ. ಅಂಡಮಾನ್‌ನ ಹವಳಗಳು 1998 ಮತ್ತು 2010ರಲ್ಲಿ ಹೀಗೆ ದೊಡ್ಡ ಪ್ರಮಾಣದಲ್ಲಿ ಬಿಳಿಚಿಕೊಂಡಿದ್ದವು.

‘ಸನ್‌ಸ್ಕ್ರೀನ್ ಹಚ್ಚಿದರೆ ಹವಳ ಸಾಯುತ್ತದೆ’ ಎಂಬುದು ಅರ್ಧ ನಿಜ. ಆಕ್ಸಿಬೆಂಜೋನ್‌ನಂಥ ಕೆಲವು ರಾಸಾಯನಿಕಗಳು ಹವಳಕ್ಕೆ ಹಾನಿ ಮಾಡುತ್ತವೆ ಎಂದು ಪ್ರಯೋಗಾಲಯದಲ್ಲಿ ಕಂಡುಬಂದಿದೆ. ಅದಕ್ಕಾಗಿ ಹವಾಯಿ ರಾಜ್ಯ 2021ರಿಂದ ಅಂಥ ಎರಡು ರಾಸಾಯನಿಕಗಳಿರುವ ಸನ್‌ಸ್ಕ್ರೀನ್ ಮಾರಾಟ ನಿಲ್ಲಿಸಿದೆ. ಆದರೆ ಜಗತ್ತಿನ ಹವಳಗಳ ದೊಡ್ಡ ಶತ್ರು ಬಿಸಿಯಾಗುತ್ತಿರುವ ಸಮುದ್ರ. ನಿಮ್ಮ ಚರ್ಮಕ್ಕೂ ಹವಳಕ್ಕೂ ಒಳ್ಳೆಯ ಉಪಾಯವೆಂದರೆ ಪೂರ್ತಿ ತೋಳಿನ ಈಜು ಅಂಗಿ ತೊಡುವುದು. ಎಲ್ಲಕ್ಕಿಂತ ಮುಖ್ಯ, ಹವಳದ ಮೇಲೆ ನಿಲ್ಲಬೇಡಿ, ಮುಟ್ಟಬೇಡಿ. ಕೆಲವು ಹವಳ ವರ್ಷಕ್ಕೆ ಒಂದು ಸೆಂಟಿಮೀಟರ್ ಕೂಡ ಬೆಳೆಯುವುದಿಲ್ಲ. ಒಂದು ಕಾಲ್ತುಳಿತಕ್ಕೆ ಹತ್ತಾರು ವರ್ಷದ ಬೆಳವಣಿಗೆ ಮುರಿದುಹೋಗುತ್ತದೆ.

‘ದಡಕ್ಕೆ ಬಿದ್ದ ಸತ್ತ ಹವಳ ತಂದರೆ ತಪ್ಪೇನು’ ಎಂದು ಕೇಳಬಹುದು. ತಪ್ಪೇ, ಅದೂ ದೊಡ್ಡ ತಪ್ಪು. ಹವಳದ ದಿಬ್ಬ ಕಟ್ಟುವ ಹವಳಗಳು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಪರಿಚ್ಛೇದದಲ್ಲಿವೆ. ಹುಲಿ ಇರುವುದೂ ಅದೇ ಪಟ್ಟಿಯಲ್ಲಿ. ಮಗು ಆಸೆಪಟ್ಟು ಬ್ಯಾಗಿಗೆ ಹಾಕಿದ ತುಂಡು ವಿಮಾನ ನಿಲ್ದಾಣದ ಎಕ್ಸ್‌ರೇಯಲ್ಲಿ ಕಂಡರೆ ನೆಪ ನಡೆಯುವುದಿಲ್ಲ. ಕೆಲವು ಜಾತಿಯ ಚಿಪ್ಪುಗಳಿಗೂ ಇದೇ ಕಾನೂನು. ಚಿಪ್ಪಿನ ಒಡವೆ ಬೇಕಾದರೆ ಪರವಾನಗಿ ಇರುವ ಅಂಗಡಿಯಲ್ಲಿ ಕೊಂಡು ರಸೀದಿ ಇಟ್ಟುಕೊಳ್ಳಿ.

ಸ್ಕೂಬಾ: ಈಜು ಬಾರದಿದ್ದರೂ ಆಗುತ್ತದೆ, ಆದರೆ ಮೂರು ಮಾತು ಮರೆಯಬೇಡಿ

‘ಈಜು ಬಾರದವರು ಸ್ಕೂಬಾ ಮಾಡುವಂತಿಲ್ಲ’ ಎಂಬುದು ಪೂರ್ತಿ ನಿಜವಲ್ಲ. ಪ್ರವಾಸಿಗರಿಗೆ ಮಾಡಿಸುವ ಪರಿಚಯದ ಡೈವ್‌ನಲ್ಲಿ ತರಬೇತುದಾರ ನಿಮ್ಮನ್ನು ಹಿಡಿದುಕೊಂಡೇ ಇರುತ್ತಾರೆ. ಆಳ ಗರಿಷ್ಠ 12 ಮೀಟರ್. ಇಳಿಯುವ ಮುನ್ನ ಕಡಿಮೆ ನೀರಿನಲ್ಲಿ ಅಭ್ಯಾಸ ಮಾಡಿಸುತ್ತಾರೆ. ಅಭ್ಯಾಸವನ್ನೇ ಮಾಡಿಸದೆ ನೇರ ಇಳಿಸಲು ಹೊರಟರೆ ಅಂಥವರ ಜೊತೆ ಹೋಗಬೇಡಿ.

ಮೊದಲ ಮಾತು: ನೀರೊಳಗೆ ಉಸಿರು ಬಿಗಿಹಿಡಿಯಬೇಡಿ. 10 ಮೀಟರ್ ಆಳದಲ್ಲಿ ಒತ್ತಡ ಮೇಲಿನದಕ್ಕಿಂತ ಎರಡು ಪಟ್ಟು. ಅಲ್ಲಿ ಶ್ವಾಸಕೋಶ ತುಂಬ ಗಾಳಿ ಎಳೆದುಕೊಂಡು, ಉಸಿರು ಕಟ್ಟಿ ಮೇಲೆ ಬಂದರೆ ಆ ಗಾಳಿ ಎರಡು ಪಟ್ಟು ಹಿಗ್ಗಲು ನೋಡುತ್ತದೆ. ಶ್ವಾಸಕೋಶಕ್ಕೆ ಅಷ್ಟು ಜಾಗವಿಲ್ಲ, ಅದು ಹರಿಯಬಹುದು. ನಿಧಾನವಾಗಿ ಉಸಿರಾಡುತ್ತಲೇ ಇದ್ದರೆ ಈ ಅಪಾಯ ಇರುವುದಿಲ್ಲ. ಹೆದರಿಕೆಯಾದರೆ ಸನ್ನೆ ಮಾಡಿ, ಒಬ್ಬರೇ ದಡಬಡನೆ ಮೇಲೆ ಬರಬೇಡಿ.

ಎರಡನೆಯ ಮಾತು: ಆರೋಗ್ಯದ ಫಾರ್ಮ್‌ನಲ್ಲಿ ಸುಳ್ಳು ಬರೆಯಬೇಡಿ. ಆಸ್ತಮಾ, ಹೃದಯದ ತೊಂದರೆ, ಮೂರ್ಛೆ ರೋಗ, ಇತ್ತೀಚಿನ ಕಿವಿ ಅಥವಾ ಎದೆಯ ಶಸ್ತ್ರಚಿಕಿತ್ಸೆ ಇದ್ದವರು ವೈದ್ಯರನ್ನು ಕೇಳದೆ ಇಳಿಯಬಾರದು. ಗರ್ಭಿಣಿಯರು ಸ್ಕೂಬಾ ಮಾಡಲೇಬಾರದು. ಜೋರು ನೆಗಡಿ ಇದ್ದರೂ ಬೇಡ. ಮೂಗು ಕಟ್ಟಿದ್ದರೆ ಕಿವಿಯ ಒಳಗಿನ ಒತ್ತಡ ಸರಿಹೊಂದುವುದಿಲ್ಲ, ಕಿವಿಯ ತಮಟೆಗೆ ಪೆಟ್ಟಾಗುತ್ತದೆ. ‘ಮುಗುಳ್ನಕ್ಕು ಸಹಿ ಹಾಕಿ, ಎಲ್ಲರೂ ಹಾಗೇ ಮಾಡೋದು’ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಶಿರಸ್ತ್ರಾಣ ಹಾಕಿಸಿ ಸಮುದ್ರದ ತಳದಲ್ಲಿ ನಡೆಸುವ ‘ಸೀ ವಾಕ್’ಗೂ ಇದೇ ಎಚ್ಚರ ಬೇಕು. ಅಲ್ಲೂ ನೀರಿನ ಒತ್ತಡ ಇದ್ದೇ ಇರುತ್ತದೆ.

ಮೂರನೆಯ ಮಾತು, ಅತಿ ಮುಖ್ಯವಾದದ್ದು: ಸ್ಕೂಬಾ ಮಾಡಿದ ದಿನ ವಿಮಾನ ಬೇಡ. ಸೋಡಾ ಬಾಟಲಿಯ ಮುಚ್ಚಳ ತೆಗೆದಾಗ ಏನಾಗುತ್ತದೆ? ಒತ್ತಡ ಇಳಿದ ಕೂಡಲೇ ಒಳಗೆ ಕರಗಿದ್ದ ಗ್ಯಾಸ್ ಗುಳ್ಳೆಗಳಾಗಿ ಏಳುತ್ತದೆ. ಆಳದಲ್ಲಿ ಉಸಿರಾಡುವಾಗ ನಮ್ಮ ರಕ್ತ, ಅಂಗಾಂಶಗಳಲ್ಲಿ ಹೆಚ್ಚು ನೈಟ್ರೋಜನ್ ಕರಗುತ್ತದೆ. ಅದು ನಿಧಾನವಾಗಿ ಉಸಿರಿನ ಮೂಲಕ ಹೊರಹೋಗಬೇಕು. ಅಷ್ಟರೊಳಗೆ ವಿಮಾನ ಹತ್ತಿದರೆ ಕ್ಯಾಬಿನ್‌ನ ಕಡಿಮೆ ಒತ್ತಡದಲ್ಲಿ ಅದು ಗುಳ್ಳೆಯಾಗಬಹುದು. ಕೀಲು ನೋವಿನಿಂದ ಹಿಡಿದು ಪಾರ್ಶ್ವವಾಯುವಿನವರೆಗೆ ತೊಂದರೆ ಬರಬಹುದು. ಡೈವಿಂಗ್ ಸುರಕ್ಷತೆಯ ಸಲಹೆ ಹೀಗಿದೆ: ಒಂದೇ ಡೈವ್ ಆಗಿದ್ದರೆ ಕನಿಷ್ಠ 12 ಗಂಟೆ, ಹಲವು ಡೈವ್ ಮಾಡಿದ್ದರೆ ಕನಿಷ್ಠ 18 ಗಂಟೆ ಬಿಡಬೇಕು. 24 ಗಂಟೆ ಬಿಟ್ಟರೆ ಇನ್ನೂ ಒಳ್ಳೆಯದು. ಪ್ಯಾಕೇಜ್‌ನಲ್ಲಿ ಕೊನೆಯ ದಿನ ಬೆಳಿಗ್ಗೆ ಸ್ಕೂಬಾ, ಮಧ್ಯಾಹ್ನ ವಿಮಾನ ಎಂದಿದ್ದರೆ ಮೊದಲೇ ಬದಲಾಯಿಸಿಕೊಳ್ಳಿ. ನೀರಿನ ಮೇಲೆ ತೇಲುವ ಸ್ನಾರ್ಕೆಲಿಂಗ್‌ಗೆ ಈ ನಿಯಮವಿಲ್ಲ.

ಅಂದಹಾಗೆ, ಇದೇ ನಿಯಮಗಳು ನಮ್ಮ ಮುರ್ಡೇಶ್ವರದ ಬಳಿಯ ನೇತ್ರಾಣಿ ದ್ವೀಪದಲ್ಲಿ ಸ್ಕೂಬಾ ಮಾಡುವವರಿಗೂ ಅನ್ವಯ.

ರಾತ್ರಿ ಹೊಳೆಯುವ ಸಮುದ್ರ

ಸ್ವರಾಜ್ ದ್ವೀಪದಲ್ಲಿ ಕತ್ತಲಾದ ಮೇಲೆ ಕಯಾಕ್ ದೋಣಿಯಲ್ಲಿ ಕರೆದೊಯ್ಯುತ್ತಾರೆ. ಹುಟ್ಟು ಹಾಕಿದಲ್ಲೆಲ್ಲ ನೀರು ನೀಲಿಯಾಗಿ ಮಿನುಗುತ್ತದೆ. ಇದು ಕೆಮಿಕಲ್ ಸೋರಿಕೆಯಲ್ಲ, ದೈವಿಕ ಪವಾಡವೂ ಅಲ್ಲ. ನೀರಿನಲ್ಲಿ ತೇಲುವ ಒಂದೇ ಜೀವಕೋಶದ ಸೂಕ್ಷ್ಮಜೀವಿಗಳ ಬೆಳಕು ಅದು. ಅಲುಗಾಟವಾದಾಗ ಅವುಗಳೊಳಗೆ ಲೂಸಿಫೆರಿನ್ ಎಂಬ ವಸ್ತು ಆಮ್ಲಜನಕದೊಂದಿಗೆ ಸೇರಿ ಬೆಳಕು ಚಿಮ್ಮುತ್ತದೆ. ನಮ್ಮ ಮಿಂಚುಹುಳ ಮಿನುಗುವುದೂ ಇಂಥದೇ ಬಗೆಯಲ್ಲಿ. 2020ರ ನವೆಂಬರ್‌ನಲ್ಲಿ ನಮ್ಮ ಕರಾವಳಿಯಲ್ಲೂ ಅಲೆಗಳು ಹೀಗೆ ಹೊಳೆದು ಸುದ್ದಿಯಾಗಿದ್ದವು.

ಹುಣ್ಣಿಮೆಯ ಸುತ್ತಮುತ್ತ ಹೋದರೆ ನಿರಾಸೆಯಾಗಬಹುದು. ಅಮಾವಾಸ್ಯೆಯ ಹತ್ತಿರದ ದಿನಗಳು ಒಳ್ಳೆಯವು. ಫೋಟೊಗಳಲ್ಲಿ ಕಾಣುವಷ್ಟು ಗಾಢ ನೀಲಿ ಕಣ್ಣಿಗೆ ಕಾಣದಿರಬಹುದು. ಕ್ಯಾಮೆರಾ ಹಲವು ಸೆಕೆಂಡುಗಳ ಬೆಳಕನ್ನು ಕೂಡಿಸಿ ಚಿತ್ರ ತೆಗೆಯುತ್ತದೆ.

ಬಾರಾತಂಗ್ ದಾರಿ: ಇದು ಸಫಾರಿ ಅಲ್ಲ

ಬಾರಾತಂಗ್‌ನಲ್ಲಿ ಎರಡು ಆಕರ್ಷಣೆಗಳಿವೆ. ಒಂದು ಸುಣ್ಣಕಲ್ಲಿನ ಗುಹೆ. ಕಾಂಡ್ಲಾ ಕಾಡಿನ ನಡುವೆ ದೋಣಿಯಲ್ಲಿ ಸಾಗಿ, ಒಂದಷ್ಟು ದೂರ ನಡೆದು ತಲುಪಬೇಕು. ಹನಿಹನಿ ನೀರು ಬಿಟ್ಟುಹೋದ ಸುಣ್ಣದಿಂದ ಚಾವಣಿಯಲ್ಲಿ ಇಳಿಬಿದ್ದ ಆಕೃತಿಗಳನ್ನು ಮುಟ್ಟಬೇಡಿ. ಕೈಯ ಜಿಡ್ಡು ಅಂಟಿದರೆ ಅಲ್ಲಿ ಬೆಳವಣಿಗೆ ಕೆಡುತ್ತದೆ. ಇನ್ನೊಂದು ಮಣ್ಣಿನ ಜ್ವಾಲಾಮುಖಿ. ಹೆಸರು ಕೇಳಿ ಲಾವಾ ಊಹಿಸಿಕೊಳ್ಳಬೇಡಿ. ನೆಲದಡಿಯ ಅನಿಲಗಳು ಕೆಸರನ್ನು ಮೇಲಕ್ಕೆ ತಳ್ಳುವ ಗುಳ್ಳೆ ಅದು, ಬಿಸಿಯೂ ಇರುವುದಿಲ್ಲ.

ಆದರೆ ಅಲ್ಲಿಗೆ ಹೋಗುವ ರಸ್ತೆ ಜಾರವಾ ಆದಿವಾಸಿಗಳ ಮೀಸಲು ಕಾಡನ್ನು ಸೀಳಿಕೊಂಡು ಹೋಗುತ್ತದೆ. ಜಿರ್ಕಾತಂಗ್ ಚೆಕ್‌ಪೋಸ್ಟ್‌ನಿಂದ ನಿಗದಿತ ಸಮಯಕ್ಕೆ ವಾಹನಗಳನ್ನು ಸಾಲಾಗಿ ಬಿಡುತ್ತಾರೆ. ‘ದಾರಿಯಲ್ಲಿ ಜಾರವಾಗಳನ್ನು ನೋಡಬಹುದು, ಬಿಸ್ಕತ್ತು ಇಟ್ಟುಕೊಳ್ಳಿ’ ಎಂಬ ಸಲಹೆಯನ್ನು ದಯವಿಟ್ಟು ಯಾರಿಗೂ ಕಳಿಸಬೇಡಿ. ಗಾಡಿ ನಿಲ್ಲಿಸುವುದು, ಫೋಟೊ-ವಿಡಿಯೊ ತೆಗೆಯುವುದು, ತಿಂಡಿ ಕೊಡುವುದು ಎಲ್ಲವೂ ನಿಷಿದ್ಧ. 1956ರ ಆದಿವಾಸಿ ರಕ್ಷಣಾ ನಿಯಮವನ್ನು 2012ರಲ್ಲಿ ಬಿಗಿಗೊಳಿಸಲಾಗಿದೆ, ಜೈಲು ಶಿಕ್ಷೆಯೂ ಇದೆ.

ಇದು ಬರೀ ಕಾನೂನಿನ ಪ್ರಶ್ನೆಯಲ್ಲ, ಆರೋಗ್ಯದ ಪ್ರಶ್ನೆ. ಹೊರಜಗತ್ತಿನಿಂದ ದೂರವಿದ್ದ ಸಮುದಾಯದ ದೇಹಕ್ಕೆ ನಮ್ಮ ಸಾಮಾನ್ಯ ರೋಗಗಳ ಪರಿಚಯವೇ ಇರುವುದಿಲ್ಲ. ಜಾರವಾಗಳು ಹೊರಗಿನವರೊಡನೆ ಬೆರೆಯತೊಡಗಿದ್ದು 1990ರ ದಶಕದ ಕೊನೆಯಲ್ಲಿ. 1999ರಲ್ಲೇ ಅವರಲ್ಲಿ ದಡಾರ ಹರಡಿತು. ಗ್ರೇಟ್ ಅಂಡಮಾನೀಸ್ ಎಂಬ ಸಮುದಾಯ 19ನೇ ಶತಮಾನದ ಮಧ್ಯದಲ್ಲಿ ಹಲವು ಸಾವಿರ ಜನರಿದ್ದರು. ಬ್ರಿಟಿಷ್ ವಸಾಹತಿನ ಜೊತೆ ಬಂದ ರೋಗಗಳು ಅವರನ್ನು ಅಳಿಸುತ್ತ ಬಂದವು. 2011ರ ಜನಗಣತಿಯಲ್ಲಿ ಉಳಿದವರು 44 ಮಂದಿ. ಜಾರವಾಗಳು 380. ಕಿಟಕಿಯಿಂದ ಎಸೆದ ಒಂದು ಪ್ಯಾಕೆಟ್‌ನ ಹಿಂದೆ ಇಷ್ಟು ದೊಡ್ಡ ಕಥೆಯಿದೆ. ಈ ಕಾರಣಕ್ಕೇ ಬಾರಾತಂಗ್ ಅನ್ನು ಪಟ್ಟಿಯಿಂದ ಬಿಡುವವರೂ ಇದ್ದಾರೆ. ಬಿಟ್ಟರೆ ನಿಮ್ಮ ಪ್ರವಾಸಕ್ಕೆ ದೊಡ್ಡ ನಷ್ಟವೇನೂ ಇಲ್ಲ. ಹೋದರೆ ಫೋನ್ ಜೇಬಿನಲ್ಲಿರಲಿ.

‘ನರಭಕ್ಷಕರ ದ್ವೀಪ’ ಎಂಬ ಸುಳ್ಳು

ನಾರ್ತ್ ಸೆಂಟಿನೆಲ್ ದ್ವೀಪದ ಬಗ್ಗೆ ಬರುವಷ್ಟು ಕಟ್ಟುಕಥೆಗಳು ಇನ್ನಾವುದರ ಬಗ್ಗೆಯೂ ಬರುವುದಿಲ್ಲ. ಅಂಡಮಾನಿಗರು ವಿಚಿತ್ರ ಜನ ಎಂಬ ಕಥೆ ಬಹಳ ಹಳೆಯದು. 13ನೇ ಶತಮಾನದ ಮಾರ್ಕೊ ಪೋಲೊ ಅವರಿಗೆ ನಾಯಿಯ ತಲೆ ಇದೆ ಎಂದು ಬರೆಸಿದ್ದ! ಸೆಂಟಿನೆಲಿಗಳು ಮನುಷ್ಯರನ್ನು ತಿನ್ನುತ್ತಾರೆ ಎಂಬುದಕ್ಕೆ ಯಾವ ಪುರಾವೆಯೂ ಇಲ್ಲ. ತಮ್ಮ ದಡಕ್ಕೆ ಬಂದವರ ಮೇಲೆ ಬಾಣ ಬಿಟ್ಟದ್ದು ನಿಜ. 2006ರಲ್ಲಿ ಇಬ್ಬರು ಮೀನುಗಾರರು, 2018ರಲ್ಲಿ ಒಬ್ಬ ಅಮೆರಿಕನ್ ಯುವಕ ಹೀಗೆ ಸತ್ತರು. ಆದರೆ 1991ರಲ್ಲಿ ಮಾನವಶಾಸ್ತ್ರಜ್ಞ ಟಿ.ಎನ್. ಪಂಡಿತ್, ಮಧುಮಾಲಾ ಚಟ್ಟೋಪಾಧ್ಯಾಯ ಮುಂತಾದವರಿದ್ದ ತಂಡಗಳು ತೆಂಗಿನಕಾಯಿ ಕೊಟ್ಟಾಗ ಇದೇ ಜನ ನೀರಿಗಿಳಿದು ಬಂದು ತೆಗೆದುಕೊಂಡಿದ್ದರು. ಈಗ ಅವರನ್ನು ಅವರ ಪಾಡಿಗೆ ಬಿಡುವುದೇ ಸರ್ಕಾರದ ನೀತಿ. ‘ಹಣ ಕೊಟ್ಟರೆ ದೂರದಿಂದ ತೋರಿಸುತ್ತೇವೆ’ ಎಂದು ಯಾರಾದರೂ ಹೇಳಿದರೆ ಅದು ಅಪರಾಧಕ್ಕೆ ಆಹ್ವಾನ.

ಜ್ವಾಲಾಮುಖಿ, ಭೂಕಂಪ, ಸುನಾಮಿ

ಭಾರತದ ಏಕೈಕ ಸಕ್ರಿಯ ಜ್ವಾಲಾಮುಖಿ ಇರುವುದು ಅಂಡಮಾನ್‌ನ ಬ್ಯಾರನ್ ದ್ವೀಪದಲ್ಲಿ. ಇದು ಶ್ರೀ ವಿಜಯಪುರಂನಿಂದ ಸುಮಾರು 140 ಕಿ.ಮೀ. ದೂರದ ನಿರ್ಜನ ದ್ವೀಪ. ದೀರ್ಘಕಾಲ ಸುಮ್ಮನಿದ್ದು 1991ರಲ್ಲಿ ಮತ್ತೆ ಎದ್ದಿತು. ಆಮೇಲೆ ಆಗಾಗ ಹೊಗೆ, ಬೂದಿ ಉಗುಳುತ್ತಲೇ ಇದೆ. ಅಂಥ ಸುದ್ದಿ ಬಂದಾಗಲೆಲ್ಲ ಪ್ರವಾಸ ರದ್ದು ಮಾಡಬೇಕಾಗಿಲ್ಲ. ಆಡಳಿತದ ಅಧಿಕೃತ ಸೂಚನೆ ನೋಡಿ.

‘ನಾಳೆ ಇಂಥ ಗಂಟೆಗೆ ಭೂಕಂಪ’ ಎಂಬ ಸಂದೇಶ ಯಾವಾಗ ಬಂದರೂ ಸುಳ್ಳು. ದಿನ, ಗಂಟೆ ಹೇಳಿ ಭೂಕಂಪ ಮುನ್ಸೂಚನೆ ಕೊಡುವ ವಿದ್ಯೆ ಇನ್ನೂ ಯಾರಿಗೂ ಗೊತ್ತಿಲ್ಲ. ಆದರೆ ಭೂಕಂಪವಾದ ಮೇಲೆ ಸುನಾಮಿ ಎಚ್ಚರಿಕೆ ಕೊಡಬಹುದು. 2004ರ ಡಿಸೆಂಬರ್ 26ರ ದುರಂತದ ನಂತರ, 2007ರಲ್ಲಿ ಹೈದರಾಬಾದ್‌ನಲ್ಲಿ ಇದಕ್ಕಾಗಿಯೇ ಕೇಂದ್ರ ಶುರುವಾಗಿದೆ.

ಬೀಚ್‌ನಲ್ಲಿದ್ದಾಗ ನೆಲ ಜೋರಾಗಿ, ತುಂಬ ಹೊತ್ತು ನಡುಗಿದರೆ, ಅಥವಾ ಸಮುದ್ರ ಇದ್ದಕ್ಕಿದ್ದಂತೆ ಹಿಂದೆ ಸರಿದರೆ, ಫೋನಿಗೆ ಸಂದೇಶ ಬರಲೆಂದು ಕಾಯಬೇಡಿ. ಕೂಡಲೇ ಎತ್ತರಕ್ಕೆ ಹೋಗಿ. 2004ರಲ್ಲಿ ಲಿಟ್ಲ್ ಅಂಡಮಾನ್‌ನ ಓಂಗೆ ಜನ ಹೀಗೇ ಎತ್ತರಕ್ಕೆ ಹೋಗಿ ಉಳಿದರು. ಖಾಲಿಯಾದ ದಡದಲ್ಲಿ ಮೀನು ಹೆಕ್ಕಲು, ವಿಡಿಯೊ ಮಾಡಲು ನಿಲ್ಲಬೇಡಿ. ಮೊದಲ ಅಲೆಯ ನಂತರವೂ ಇಳಿದು ಬರಬೇಡಿ. ಮುಂದಿನದು ಇನ್ನೂ ದೊಡ್ಡದಿರಬಹುದು.

ನೀರಿಗಿಳಿಯುವ ಮುನ್ನ

‘ಮೊಸಳೆ ಸಿಹಿನೀರಿನಲ್ಲಿ ಮಾತ್ರ ಇರುತ್ತದೆ’ ಎಂಬುದು ಇಲ್ಲಿ ಅಪಾಯಕಾರಿ ತಪ್ಪು. ಅಂಡಮಾನ್‌ನಲ್ಲಿರುವುದು ಉಪ್ಪುನೀರಿನ ಮೊಸಳೆ. ಅದು ಸಮುದ್ರದಲ್ಲೂ ಬಹುದೂರ ಈಜುತ್ತದೆ. 2010ರಲ್ಲಿ ಸ್ವರಾಜ್ ದ್ವೀಪದ ಬೀಚ್ ಒಂದರಲ್ಲಿ ಪ್ರವಾಸಿಗರೊಬ್ಬರು ಮೊಸಳೆಗೆ ಬಲಿಯಾದರು. ಇಂಥ ಘಟನೆ ಅಪರೂಪ, ಆದರೂ ಎಚ್ಚರಿಕೆ ಫಲಕ ಇರುವಲ್ಲಿ ಇಳಿಯಬೇಡಿ. ಹಳ್ಳ ಸಮುದ್ರ ಸೇರುವ ಜಾಗ, ಕಾಂಡ್ಲಾ ಕಾಡಿನ ಅಂಚು, ಮುಸ್ಸಂಜೆಯ ನಂತರದ ನೀರು – ಇವುಗಳಿಂದ ದೂರವಿರಿ.

ಸೆಳೆತಕ್ಕೆ ಸಿಕ್ಕರೆ ದಡದ ಕಡೆಗೇ ಹೋರಾಡಿ ಸುಸ್ತಾಗಬೇಡಿ. ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ, ಸೆಳೆತ ತಗ್ಗಿದ ಮೇಲೆ ದಡಕ್ಕೆ ಬನ್ನಿ. ಈಜು ಬಾರದಿದ್ದರೆ ತೇಲುತ್ತ ಕೈ ಎತ್ತಿ ಕೂಗಿ. ಕುಡಿದು ನೀರಿಗೆ ಇಳಿಯಲೇಬೇಡಿ.

ಲೋಳೆ ಮೀನು, ಅಂದರೆ ಜೆಲ್ಲಿಫಿಶ್ ಕಡಿದರೆ ಮೂತ್ರ ಹಚ್ಚಬೇಕು ಎಂಬುದು ಸುಳ್ಳು, ಅದರಿಂದ ಉರಿ ಹೆಚ್ಚಬಹುದು. ಉಜ್ಜಬೇಡಿ, ಸಿಹಿನೀರು ಹಾಕಬೇಡಿ. ಸಮುದ್ರದ ನೀರಿನಲ್ಲೇ ತೊಳೆದು, ಅಂಟಿದ ಎಳೆಗಳನ್ನು ಚಿಮಟದಿಂದಲೋ ಕಾರ್ಡ್‌ನ ಅಂಚಿನಿಂದಲೋ ತೆಗೆಯಿರಿ. ಉಸಿರಾಟ ಕಷ್ಟವಾದರೆ, ತಲೆ ತಿರುಗಿದರೆ ತಕ್ಷಣ ಆಸ್ಪತ್ರೆಗೆ ಹೋಗಿ.

ಹಡಗಿನಲ್ಲಿ ‘ವಾಂತಿ ಬರಬಾರದೆಂದರೆ ಖಾಲಿ ಹೊಟ್ಟೆಯಲ್ಲಿರಿ’ ಎಂಬುದೂ ತಪ್ಪು ಸಲಹೆ. ಕಿವಿಯೊಳಗಿನ ಸಮತೋಲನದ ಅಂಗ ‘ಅಲುಗುತ್ತಿದೆ’ ಎನ್ನುತ್ತದೆ, ಫೋನ್ ನೋಡುತ್ತಿರುವ ಕಣ್ಣು ‘ಇಲ್ಲ’ ಎನ್ನುತ್ತದೆ. ಈ ಗೊಂದಲವೇ ವಾಂತಿಗೆ ಕಾರಣ. ಎರಡು ಇಡ್ಲಿಯಷ್ಟು ಹಗುರ ತಿಂಡಿ ತಿಂದು, ದಿಗಂತ ನೋಡುತ್ತ ಕುಳಿತುಕೊಳ್ಳಿ. ಮಾತ್ರೆ ಬೇಕಿದ್ದರೆ ವೈದ್ಯರನ್ನು ಕೇಳಿ ಹಡಗು ಹೊರಡುವ ಮೊದಲೇ ತೆಗೆದುಕೊಳ್ಳಿ.

ಯಾವಾಗ, ಎಷ್ಟು ದಿನ?

ನವೆಂಬರ್‌ನಿಂದ ಏಪ್ರಿಲ್‌ವರೆಗೆ ಒಳ್ಳೆಯ ಕಾಲ. ಮೇ ತಿಂಗಳಲ್ಲಿ ಮುಂಗಾರು ಬರುತ್ತದೆ, ಸಮುದ್ರ ಕಲಕುತ್ತದೆ, ಹಡಗುಗಳು ರದ್ದಾಗಬಹುದು. ಮೊದಲ ಸಲಕ್ಕೆ ಐದಾರು ದಿನ ಸಾಕು. ಒಂದು ದಿನ ಜೈಲು ಮತ್ತು ರಾಸ್ ದ್ವೀಪ, ಎರಡು-ಮೂರು ದಿನ ಸ್ವರಾಜ್ ದ್ವೀಪ, ಒಂದು ದಿನ ಶಹೀದ್ ದ್ವೀಪ. ವಿಮಾನದ ಹಿಂದಿನ ರಾತ್ರಿ ಶ್ರೀ ವಿಜಯಪುರಂಗೆ ಮರಳಿರಿ. ಹವಾಮಾನ ಕೆಟ್ಟು ಹಡಗು ತಪ್ಪಿದರೂ ವಿಮಾನ ತಪ್ಪುವುದಿಲ್ಲ, ಸ್ಕೂಬಾ ನಂತರದ ವಿರಾಮವೂ ಸಿಕ್ಕಂತಾಗುತ್ತದೆ.

‘ಅಲ್ಲಿ ನೆಟ್‌ವರ್ಕ್ ಇಲ್ಲವೇ ಇಲ್ಲ’ ಎಂಬುದು ಹಳೆಯ ಮಾತು. ಚೆನ್ನೈನಿಂದ ಸಮುದ್ರದಡಿ ಸುಮಾರು 2,300 ಕಿ.ಮೀ. ಕೇಬಲ್ ಹಾಕಿ 2020ರ ಆಗಸ್ಟ್‌ನಲ್ಲಿ ಸಂಪರ್ಕ ಕೊಟ್ಟಿದ್ದಾರೆ. ಆದರೂ ಚಿಕ್ಕ ದ್ವೀಪಗಳಲ್ಲಿ ಸಿಗ್ನಲ್ ಕೈಕೊಡಬಹುದು, ಸ್ವಲ್ಪ ನಗದು ಇರಲಿ.

ನೆನಪಿಡಬೇಕಾದ್ದು ಇಷ್ಟು

• ಸ್ಕೂಬಾ ಮತ್ತು ವಿಮಾನದ ನಡುವೆ ಒಂದು ದಿನ ಬಿಡಿ. ನೀರೊಳಗೆ ಉಸಿರು ಕಟ್ಟಬೇಡಿ.
• ಹವಳ ಮುಟ್ಟಬೇಡಿ, ಸತ್ತದ್ದನ್ನೂ ತರಬೇಡಿ.
• ಜಾರವಾ ಕಾಡಿನಲ್ಲಿ ಫೋಟೊ ಇಲ್ಲ, ತಿಂಡಿ ಇಲ್ಲ, ನಿಲುಗಡೆ ಇಲ್ಲ.
• ಮೊಸಳೆ ಫಲಕ ಇರುವಲ್ಲಿ ನೀರಿಗೆ ಇಳಿಯಬೇಡಿ.
• ನೆಲ ನಡುಗಿದರೆ ಅಥವಾ ಸಮುದ್ರ ಹಿಂದೆ ಸರಿದರೆ ಎತ್ತರಕ್ಕೆ ಓಡಿ.

ನಿಮ್ಮ ಗ್ರೂಪಿನಲ್ಲಿ ಅಂಡಮಾನ್‌ಗೆ ಹೊರಟವರು ಯಾರಾದರೂ ಇದ್ದರೆ, ‘10 ಜಾಗಗಳ’ ಪಟ್ಟಿಯ ಜೊತೆಗೆ ಈ ಐದು ಸಾಲುಗಳನ್ನೂ ಕಳಿಸಿ.